ಕುರಿಯ ಹಣೆಗೆ ಟಿಕ್ ಹಾಕಿದ ಆಡಿಟರ್

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಜಗಳೂರು ಸೀಮೆಯ ಒಂದು ಊರಿನ ಇಡೀ ಕುರಿಮಂದೆಯನ್ನು ಒಂದೇ ಬೆಳಗಿನಲ್ಲಿ ದೇವರ ಪಾಲು ಮಾಡಿದ ಆಡಿಟರ್ ನಾನೇ. ಅದಕ್ಕೆ ಕಾರಣ ಭಕ್ತಿ ಅಲ್ಲ, ಬಿ.ಕಾಂ. ಡಿಗ್ರಿ. ಊರಿನವರು ಅರ್ಜಿ ಹಿಡಿದು ಬಂದಾಗ ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಅದು ಉಳಿಯಿತು ಅನ್ನುವುದಕ್ಕೆ ಈಗ ನಾನು ಪಿಂಚಣಿ ತೆಗೆದುಕೊಂಡು ಇದನ್ನು ಬರೆಯುತ್ತಿರುವುದೇ ಸಾಕ್ಷಿ. ಹೇಗೆ ಉಳಿಯಿತು ಅನ್ನುವುದನ್ನು ಬಿ.ಕಾಂ. ಓದುತ್ತಿರುವ ಹುಡುಗ ಹುಡುಗಿಯರು ತಿಳಿದುಕೊಳ್ಳುವುದು ಒಳ್ಳೆಯದು. ಯಾಕೆಂದರೆ ಅದು ಸಿಲೆಬಸ್ಸಿನಲ್ಲಿ ಇಲ್ಲ.

ನಾನು ಬಿ.ಕಾಂ. ಸೇರಿದ್ದು ಲೆಕ್ಕದ ಮೇಲಿನ ಪ್ರೀತಿಯಿಂದಲ್ಲ. ಸಂತೇಬೆನ್ನೂರಿನಲ್ಲಿ ನಮ್ಮಪ್ಪನದು ಹಿಟ್ಟಿನ ಗಿರಣಿ. ಪಿ.ಯು.ಸಿ.ಯಲ್ಲಿ ನನಗೆ ಬಂದ ಅಂಕಗಳನ್ನು ನೋಡಿ ಅಪ್ಪ ಹೇಳಿದ್ದು ಎರಡೇ ಪದ: "ಗಿರಣಿ ಐತೆ." ಆಮೇಲೆ ನಾನು ಯಾವ ಪರೀಕ್ಷೆಗೆ ಕೂತರೂ, ಯಾವ ಕೆಲಸಕ್ಕೆ ಅರ್ಜಿ ಹಾಕಿದರೂ ಅಪ್ಪ ಅದೇ ಎರಡು ಪದ ಹೇಳುತ್ತಿದ್ದರು. ಬೇರೆ ಮನೆಗಳಲ್ಲಿ ಅದು ಧೈರ್ಯದ ಮಾತು. ಬೆಲ್ಟಿನ ಸದ್ದಿಗೆ ಕಿವಿ ಮುಚ್ಚಿಕೊಂಡು, ರೆಪ್ಪೆಗೂದಲೆಲ್ಲ ಬೆಳ್ಳಗಾಗಿ ಬೆಳೆದ ನನಗೆ ಅದು ಬೆದರಿಕೆ. ಹಾಗಾಗಿ ದಿನವೂ ಬಸ್ಸು ಹತ್ತಿ ದಾವಣಗೆರೆಗೆ ಹೋಗಿ ಕಾಮರ್ಸ್ ಓದಿದೆ. ಎಪ್ಪತ್ತರ ದಶಕದ ಕೊನೆಯ ವರ್ಷಗಳವು.

ನನಗೆ ನಿಜವಾಗಿ ಬರುತ್ತಿದ್ದ ವಿದ್ಯೆ ಒಂದೇ, ಬೇರೆಯವರ ಹಾಗೆ ಮಾತಾಡುವುದು. ಕಂಡಕ್ಟರ್, ಪ್ರಿನ್ಸಿಪಾಲ್, ಗಿರಣಿಗೆ ಜೋಳ ತರುವ ಅಜ್ಜಿ, ಕೊನೆಗೆ ಕೆಟ್ಟು ನಿಲ್ಲುವ ಮೊದಲಿನ ಗಿರಣಿ, ಎಲ್ಲರನ್ನೂ ಮಾಡಿ ತೋರಿಸುತ್ತಿದ್ದೆ. ನಮ್ಮ ಅಕೌಂಟೆನ್ಸಿ ಮೇಷ್ಟ್ರದು ಮೂಗಿನ ದನಿ. "ಪಡೆದವನನ್ನು ಡೆಬಿಟ್ ಮಾಡಿ, ಕೊಟ್ಟವನನ್ನು ಕ್ರೆಡಿಟ್ ಮಾಡಿ" ಎಂದು ಅವರು ಹೇಳಿದರೆ ಪಡೆದವನಿಗೂ ಕೊಟ್ಟವನಿಗೂ ನೆಗಡಿಯಾದಂತೆ ಕೇಳುತ್ತಿತ್ತು. ಒಂದು ದಿನ ಅವರು ಬರುವ ಮೊದಲು ನಾನು ಬೋರ್ಡಿನ ಮುಂದೆ ನಿಂತು ಅವರದೇ ದನಿಯಲ್ಲಿ ಪಾಠ ಶುರು ಮಾಡಿದೆ. ಕ್ಲಾಸು ನಕ್ಕು ನಕ್ಕು ಇದ್ದಕ್ಕಿದ್ದಂತೆ ತಣ್ಣಗಾಯಿತು. ತಿರುಗಿ ನೋಡಿದರೆ ಮೇಷ್ಟ್ರು ಬಾಗಿಲಲ್ಲಿ.

"ದನಿ ಸರಿಯಾಗಿದೆ ಕಣಪ್ಪ" ಎಂದರು ಅವರು, ಬೋರ್ಡನ್ನು ನೋಡುತ್ತ. "ಎಂಟ್ರಿ ತಪ್ಪಾಗಿದೆ."

ನನ್ನ ಮೂರು ವರ್ಷದ ವ್ಯಾಸಂಗದ ಬಗ್ಗೆ ಇದಕ್ಕಿಂತ ಚಿಕ್ಕದಾಗಿ, ಇದಕ್ಕಿಂತ ಸರಿಯಾಗಿ ಯಾರೂ ಹೇಳಲಾರರು.

ಬಿ.ಕಾಂ. ಆದಮೇಲೆ ಏನಾಗಬಹುದು ಎಂದು ಈಗಿನವರು ಕೇಳುತ್ತಾರೆ. ನಮ್ಮ ಬೆಂಚಿನ ಕಥೆ ಹೇಳುತ್ತೇನೆ. ಒಬ್ಬ ಬ್ಯಾಂಕು ಸೇರಿದ. ಅಲ್ಲಿಂದ ಮುಂದೆ ಅವನು ನಮ್ಮನ್ನು ಕಂಡರೆ ಸಾಲ ಕೇಳಲು ಬಂದವರನ್ನು ನೋಡುವ ಹಾಗೆ ನೋಡತೊಡಗಿದ. ಒಬ್ಬ ಚನ್ನಗಿರಿಯ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯಲು ಕೂತ. ಮೊದಲ ದಿನವೇ ಯಜಮಾನರಿಗೆ "ಲೆಕ್ಕದ ವರ್ಷ ಮಾರ್ಚಿಗೆ ಮುಗಿಯಬೇಕು" ಎಂದು ತಿಳಿಸಿಹೇಳಲು ಹೋದನಂತೆ. "ಹೌದೇನಪ್ಪ? ನಮ್ಮ ಲಕ್ಷ್ಮಿ ಬರೋದು ದೀಪಾವಳಿಗೆ, ಆಕೀಗೂ ಒಂದು ಮಾತು ಹೇಳ್ಬಿಡು" ಎಂದರಂತೆ ಅವರು. ಇನ್ನೊಬ್ಬ ಕಾಲೇಜು ಮೇಷ್ಟ್ರಾದ, ನಮ್ಮ ಮೇಷ್ಟ್ರ ಮೂಗಿನ ದನಿಯ ಸಮೇತ. ನಾನು ಸಹಕಾರ ಸಂಘಗಳ ಲೆಕ್ಕ ತಪಾಸಣೆಯ ಕಚೇರಿಯಲ್ಲಿ ಕಿರಿಯ ಆಡಿಟರ್ ಆದೆ. ಹೇಗೆ ಆಯ್ಕೆಯಾದೆ ಎಂದು ನನ್ನನ್ನು ಕೇಳಬೇಡಿ, ನಮ್ಮಪ್ಪ ಇವತ್ತಿಗೂ ಕೇಳುತ್ತಿರಬಹುದು, ಮೇಲಿಂದ.

ಚನ್ನಗಿರಿಯಲ್ಲಿ ಕಚೇರಿ. ಎರಡು ವರ್ಷ ಪ್ರೊಬೇಷನ್. ಆ ಎರಡು ವರ್ಷ ಮುಗಿದಾಗ ಹಿರಿಯ ಆಡಿಟರ್ "ತೃಪ್ತಿಕರ" ಎಂದು ಬರೆದರೆ ಕೆಲಸ ಕಾಯಂ. ಆ ಪದದ ಮುಂದೆ "ಅಲ್ಲ" ಸೇರಿದರೆ, ಗಿರಣಿ ಐತೆ.

ನನ್ನ ಹಿರಿಯ ಆಡಿಟರ್ ಹಾಲೇಶಪ್ಪನವರು. ತೆಳ್ಳಗೆ, ಎತ್ತರ, ಇಸ್ತ್ರಿ ಮಾಡಿದ ಧೋತರ. ಯಾವ ಸಂಘಕ್ಕೆ ತಪಾಸಣೆಗೆ ಹೋದರೂ ಮನೆಯಿಂದ ರೊಟ್ಟಿ, ಚಟ್ನಿಪುಡಿಯ ಡಬ್ಬಿ ತರುತ್ತಿದ್ದರು. ಸಂಘದವರ ನೀರು ಮಾತ್ರ ಕುಡಿಯುವರು, ಅದೂ ಬಾವಿ ಯಾರದು ಎಂದು ಕೇಳಿಕೊಂಡು. ಮಾತಿಗೆ ಮೊದಲು ಒಂದು "ಹ್ಞಾಂ", ಮಾತಿನ ಕೊನೆಯ ಪದ ಎರಡು ಸಲ. "ಹ್ಞಾಂ, ಪುಸ್ತಕ ತೆಗೀರಿ, ತೆಗೀರಿ." ಇಂಥ ಮನುಷ್ಯನನ್ನು ನನ್ನ ಕೈಗೆ ಕೊಟ್ಟದ್ದು ಸರ್ಕಾರದ್ದೇ ತಪ್ಪು. ವಾರದೊಳಗೆ ನಾನು ಹಾಲೇಶಪ್ಪನವರಿಗಿಂತ ಚೆನ್ನಾಗಿ ಹಾಲೇಶಪ್ಪನವರಾಗಿದ್ದೆ.

ಆಗಿನ ಕೆಲಸ ಎಂದರೆ ಕೂಡುವುದು. ಉದ್ದುದ್ದ ಕಾಲಂ, ಪುಟದ ತಲೆಯಿಂದ ಬುಡದವರೆಗೆ ಬೆರಳು ಇಳಿಸುತ್ತ ಬಾಯಲ್ಲೇ ಕೂಡಬೇಕು. ಕೂಡಿದ್ದಕ್ಕೆ ಹಸಿರು ಮಸಿಯ ಟಿಕ್. ಮುಂದೆ ಕ್ಯಾಲ್ಕುಲೇಟರ್ ಬಂತು. ಹಾಲೇಶಪ್ಪನವರು ಅದು ಕೊಟ್ಟ ಮೊತ್ತವನ್ನು ಬಾಯಲ್ಲಿ ಕೂಡಿ ನೋಡಿ, "ಹ್ಞಾಂ, ಪರವಾಗಿಲ್ಲ, ಕಲ್ತೈತೆ, ಕಲ್ತೈತೆ" ಎಂದು ಅದಕ್ಕೆ ಶಹಬಾಸ್ ಕೊಡುತ್ತಿದ್ದರು. ನನಗೆ ಅಂಥ ಮಾತು ಅವರ ಬಾಯಿಂದ ಬಂದದ್ದಿಲ್ಲ. ಅವರು ನನಗೆ ಕಲಿಸಿದ ಮಂತ್ರ ಒಂದೇ: "ಕಣ್ಣಾರೆ ನೋಡ್ಬೇಕು. ನೋಡಿದ್ದಕ್ಕೆ ಅಲ್ಲೇ ಟಿಕ್ ಹಾಕ್ಬೇಕು. ನೋಡದ್ದಕ್ಕೆ ಹಾಕ್ಬಾರ್ದು, ಹಾಕ್ಬಾರ್ದು." ಇದನ್ನು ನೆನಪಿಟ್ಟುಕೊಳ್ಳಿ, ಕುರಿಗಳು ಕೆಟ್ಟದ್ದು ಇದರಿಂದಲೇ.

ಅದಕ್ಕೆ ಮೊದಲು ಹೊನ್ನಾಳಿ. ಅಲ್ಲಿಯ ಒಂದು ಸಂಘದ ಕಾರ್ಯದರ್ಶಿ ರುದ್ರಪ್ಪನವರ ಮನೆಯ ಹೋಳಿಗೆಯ ಬಗ್ಗೆ ನಮ್ಮ ಕಚೇರಿಯ ಜವಾನನಿಂದ ಹಿಡಿದು ಎಲ್ಲರೂ ಮಾತಾಡುತ್ತಿದ್ದರು. ನಾಳೆ ಅಲ್ಲಿ ತಪಾಸಣೆ. ಹಾಲೇಶಪ್ಪನವರ ಜೊತೆ ಹೋದರೆ ಹೋಳಿಗೆಯ ಘಮ ಕೂಡ ಸಿಗುವುದಿಲ್ಲ. ಅವರು ಹೊರಗೆ ಹೋಗಿದ್ದಾಗ ಫೋನು ಎತ್ತಿದೆ.

"ಹ್ಞಾಂ, ರುದ್ರಪ್ನೋರೇ, ನಾಳೆ ಬರ್ತೀವಿ, ಬರ್ತೀವಿ. ಊಟ ಅಲ್ಲೇ ಮಾಡೋಣ. ಹೋಳಿಗೆ ಇರ್ಲಿ, ಇರ್ಲಿ."

ಮರುದಿನ ಮಧ್ಯಾಹ್ನ ಹಾಲೇಶಪ್ಪನವರು ಡಬ್ಬಿಯ ಮುಚ್ಚಳ ತೆಗೆಯುವ ಹೊತ್ತಿಗೆ ರುದ್ರಪ್ಪನವರು ಕೈ ಉಜ್ಜುತ್ತ ಬಂದರು.

"ಏಳ್ರಿ ಸಾಹೇಬ್ರೆ, ಎಲೆ ಹಾಕೈತೆ."

"ಯಾವ ಎಲೆ?"

"ನೀವೇ ಫೋನ್ನಾಗೆ ಹೇಳಿದ್ರಲ್ರೀ, ಹೋಳಿಗೆ ಇರ್ಲಿ, ಇರ್ಲಿ ಅಂತ. ಎರಡೆರಡು ಸಲ ಅಂದ್ರಲ್ಲ ಅಂತ ನಮ್ಮನೇಲಿ ಎರಡರಷ್ಟೇ ಹೂರಣ ಹಾಕ್ಯಾರೆ."

ನಾನು ಎಂದೂ ಇಲ್ಲದ ಶ್ರದ್ಧೆಯಿಂದ ಕಾಲಂ ಕೂಡತೊಡಗಿದೆ. ಹಾಲೇಶಪ್ಪನವರು ನನ್ನ ಕಡೆ ತಿರುಗಿದರು.

"ಹ್ಞಾಂ. ನಾನು ಹಂಗೇ ಮಾತಾಡ್ತೀನೇನೋ, ಮಾತಾಡ್ತೀನೇನೋ?"

"ಸ್ವಲ್ಪ ಹಂಗೇ ಸಾರ್" ಎಂದೆ. ಸುಳ್ಳು ಹೇಳುವ ಅವಕಾಶ ಇರಲಿಲ್ಲ.

ಅವರು ರೊಟ್ಟಿ ತಿಂದರು. ನನಗೂ ಅರ್ಧ ರೊಟ್ಟಿ ಕೊಟ್ಟರು. ಅಡುಗೆಯ ಖರ್ಚನ್ನು ನನ್ನ ಜೇಬಿನಿಂದ ರುದ್ರಪ್ಪನವರಿಗೆ ಕೊಡಿಸಿ, ಅವರು ಬೇಡ ಬೇಡ ಅಂದರೂ ರಸೀದಿ ಬರೆಸಿದರು. ಹೋಳಿಗೆಯನ್ನು ಸಂಘದ ಗುಮಾಸ್ತರು ಉಂಡರು. ಒಬ್ಬ ಗುಮಾಸ್ತ ತುಪ್ಪದ ಕೈಯಲ್ಲೇ ಹೊರಗೆ ಬಂದು "ಭಾಳ ಚೆನ್ನಾಗಿತ್ತು ಸಾರ್, ನಿಮ್ಮ ಊಟ" ಎಂದ.

ಆಮೇಲೆ ನ್ಯಾಮತಿ. ಅಲ್ಲಿಯ ಸಂಘದ ತಾಳೆಪಟ್ಟಿಯ ಎರಡು ಬದಿ ಎಷ್ಟು ಕೂಡಿದರೂ ಸಮ ಬರಲಿಲ್ಲ. ನಾನು ಹುಬ್ಬು ಗಂಟಿಕ್ಕಿ, ಹಾಲೇಶಪ್ಪನವರ ಗತ್ತಿನಲ್ಲಿ, ಅಧ್ಯಕ್ಷರ ಮುಂದೆಯೇ ಕಾರ್ಯದರ್ಶಿಗೆ "ಇಲ್ಲಿ ಏನೋ ನಡೆದಿದೆ" ಎಂದುಬಿಟ್ಟೆ. ಆ ಬಡಪಾಯಿ ಬೆವತು ಹೋದ. ಹಾಲೇಶಪ್ಪನವರು ಬಂದು ಪುಟದ ಮೇಲಿಂದ ಬೆರಳು ಇಳಿಸಿದರು. ಮೊದಲ ಸಾಲಿಗೇ ನಿಲ್ಲಿಸಿದರು. ಒಂದು ಬದಿಯ ಕಾಲಮ್ಮಿನ ತಲೆಯ ಮೇಲೆ ಬರೆದಿದ್ದ ಇಸವಿಯನ್ನೂ ನಾನು ದುಡ್ಡು ಎಂದುಕೊಂಡು ಕೂಡಿಸಿದ್ದೆ.

"ಸಾರ್" ಎಂದ ಕಾರ್ಯದರ್ಶಿ, ಬೆವರು ಒರೆಸಿಕೊಂಡು, "ಇಸವೀನ ನಮ್ಮ ಸಂಘದವ್ರು ತಿಂದಿಲ್ಲ ಸಾರ್. ಅದು ತಾನಾಗೇ ಕಳೀತು."

ಹಾಲೇಶಪ್ಪನವರು ಎಲ್ಲರೆದುರು ನನ್ನಿಂದ ಅವನ ಕ್ಷಮೆ ಕೇಳಿಸಿದರು. ಬಸ್ ಸ್ಟ್ಯಾಂಡಿನಲ್ಲಿ ಮಾತ್ರ ಮೆಲ್ಲಗೆ ಹೇಳಿದರು: "ಇನ್ನೊಂದು ಕಡೆ ನಿನ್ನ ಕೆಲ್ಸ ನೋಡ್ತೀನಿ. ಅಲ್ಲಿಂದ ಬಂದ ಮೇಲೆ ನಿನ್ನ ರಿಪೋರ್ಟು ಬರೀತೀನಿ, ಬರೀತೀನಿ."

ಆ ಇನ್ನೊಂದು ಕಡೆಯೇ ಜಗಳೂರು. ಆಗ ಅದು ನಮ್ಮ ಜಿಲ್ಲೆಯಲ್ಲ, ಆದರೆ ಅಲ್ಲಿ ಜನ ಸಾಲದೆ ನಮ್ಮನ್ನು ಎರವಲು ಕರೆಸಿಕೊಂಡಿದ್ದರು. ಪಟ್ಟಣದಿಂದ ಇನ್ನೊಂದು ಬಸ್ಸು ಹಿಡಿದು ಹೋಗುವ ಒಂದು ಊರು, ಅಲ್ಲೊಂದು ಕುರಿ ಸಾಕುವವರ ಸಹಕಾರ ಸಂಘ. ಸಂಘ ಸಾಲ ಕೊಟ್ಟು ಸದಸ್ಯರಿಗೆ ಕುರಿ ಕೊಡಿಸಿತ್ತು. ಪುಸ್ತಕದಲ್ಲಿ ಇರುವಷ್ಟು ಕುರಿ ರೊಪ್ಪದಲ್ಲೂ ಇವೆಯೇ ಎಂದು ನೋಡಬೇಕು. ಹಾಲೇಶಪ್ಪನವರು ಸಂಘದ ಕೋಣೆಯಲ್ಲಿ ಕಾರ್ಯದರ್ಶಿಯನ್ನೂ ಪುಸ್ತಕಗಳನ್ನೂ ಮುಂದಿಟ್ಟುಕೊಂಡು ಕೂತರು. ನನಗೆ ಹೇಳಿದ್ದು ಇಷ್ಟು: "ಹೋಗಿ ಕುರಿ ನೋಡ್ಕಂಡ್ ಬಾ. ಹೆಂಗೆ ನೋಡ್ಬೇಕು ಗೊತ್ತೈತಲ್ಲ, ಗೊತ್ತೈತಲ್ಲ?"

ಗೊತ್ತಿತ್ತು. ಕಣ್ಣಾರೆ ನೋಡಬೇಕು, ಅಲ್ಲೇ ಟಿಕ್ ಹಾಕಬೇಕು.

ಮುಳ್ಳುಬೇಲಿಯ ರೊಪ್ಪದಲ್ಲಿ ನಿಂತರೆ ಸುತ್ತ ಕುರಿಯೇ. ಎಣಿಸುತ್ತ ಹೋದರೆ ಅವು ತಿರುಗುತ್ತಿದ್ದವು. ನೋಡಿದ್ದು ನೋಡದ್ದರೊಳಗೆ ಸೇರಿಕೊಳ್ಳುತ್ತಿತ್ತು. ಪುಸ್ತಕದ ಅಂಕಿ ಇದ್ದಲ್ಲಿ ಇರುತ್ತದೆ, ಕುರಿ ಇರುವುದಿಲ್ಲ ಎಂದು ನಮ್ಮ ಮೂಗಿನ ಮೇಷ್ಟ್ರು ಹೇಳಿರಲಿಲ್ಲ. ಹಸಿರು ಮಸಿ ಉಣ್ಣೆಯ ಮೇಲೆ ನಿಲ್ಲಲಿಲ್ಲ. ಆಗ ನನಗೆ ಆ ಹಾಳು ಉಪಾಯ ಹೊಳೆಯಿತು. ಪಕ್ಕದ ಅಂಗಡಿಯಿಂದ ಅರಿಶಿನ ತಂದು, ಎಣ್ಣೆಯಲ್ಲಿ ಕಲಸಿ, ನೋಡಿದ ಪ್ರತಿಯೊಂದು ಕುರಿಯ ಹಣೆಗೂ ಹೆಬ್ಬೆಟ್ಟಿನಿಂದ ಒಂದು ಗೀರು ಎಳೆಯುತ್ತ ಹೋದೆ.

ಊರಿನ ಜನ ಬೇಲಿಯ ಸುತ್ತ ಸೇರಿದರು. ಒಬ್ಬ ಮುದುಕರು ಮೆಲ್ಲಗೆ ರುಮಾಲು ತೆಗೆದು ಕೈ ಮುಗಿದರು. ಅವರನ್ನು ನೋಡಿ ಉಳಿದವರೂ ಕೈ ಮುಗಿದರು. ಒಬ್ಬಾಕೆ ಕಣ್ಣೊರೆಸಿಕೊಂಡಳು. ನನ್ನ ಎದೆ ಉಬ್ಬಿತು. ಚನ್ನಗಿರಿಯಲ್ಲಾಗಲಿ ಹೊನ್ನಾಳಿಯಲ್ಲಾಗಲಿ ಆಡಿಟಿಗೆ ಇಂಥ ಗೌರವ ಸಿಕ್ಕಿರಲಿಲ್ಲ. ಲೆಕ್ಕ ಸರಿಯಾಗಿ ಬಂತು. ಒಂದು ಕುರಿಯೂ ಕಡಿಮೆ ಇಲ್ಲ. ಹಾಲೇಶಪ್ಪನವರು ಕೇಳಿ, ಜೀವಮಾನದಲ್ಲಿ ಮೊದಲ ಸಲ ನನಗೆ "ಒಳ್ಳೇದು" ಎಂದರು. ಒಂದೇ ಸಲ ಎಂದರು, ಅದೂ ನನಗೆ ನೆನಪಿದೆ.

ಮರುದಿನ ಸಂತೆ. ನಾವು ಸಂಘದ ಕೋಣೆಯಲ್ಲಿ ಉಳಿದ ಪುಸ್ತಕ ನೋಡುತ್ತಿದ್ದೆವು. ಬಿಸಿಲೇರುವ ಹೊತ್ತಿಗೆ ಹೊರಗೆ ಗಲಾಟೆ. ಬಾಗಿಲಿಗೆ ಬಂದದ್ದು ಕೆಂಚಮ್ಮ, ಸಂಘದ ಸದಸ್ಯೆ. ನಿನ್ನೆ ಕಣ್ಣೊರೆಸಿಕೊಂಡಾಕೆ ಇವರೇ. ಇವತ್ತು ಕಣ್ಣಿನಲ್ಲಿ ನೀರಿರಲಿಲ್ಲ. ಹಿಂದೆ ಅರ್ಧ ಊರು, ಅವರ ಹಿಂದೆ ಹಣೆಗೆ ಅರಿಶಿನ ಬಳಿದುಕೊಂಡ ಕುರಿಗಳು.

"ಯಾರ್ರೀ ಅದು, ನಮ್ಮ ಕುರೀನ ಊರಮ್ಮಗೆ ಬಿಟ್ಟೋರು?"

ಆಗ ತಿಳಿಯಿತು. ಆ ಕಡೆ ದೇವರಿಗೆ ಹರಕೆ ಹೊತ್ತು ಬಿಡುವ ಕುರಿಗೆ ಹಣೆಯ ಮೇಲೆ ಅರಿಶಿನ ಹಚ್ಚುತ್ತಾರೆ. ಹಚ್ಚಿದ ಮೇಲೆ ಅದು ಅಮ್ಮನದು. ಮಾರುವಂತಿಲ್ಲ, ಕೊಳ್ಳುವಂತಿಲ್ಲ. ಯಾವನೋ ಸರ್ಕಾರಿ ಪುಣ್ಯಾತ್ಮ ಊರ ಕುರಿಗಳಿಗೆಲ್ಲ ಹರಕೆ ಹೊತ್ತಿದ್ದಾನೆ, ಖರ್ಚೆಲ್ಲ ಸರ್ಕಾರವೇ ಕೊಡುತ್ತದೆ ಎಂದುಕೊಂಡು ಜನ ಕೈ ಮುಗಿದಿದ್ದರು. ಸರ್ಕಾರ ಕುರಿಗೆ ಬಿಡಿಗಾಸೂ ಕೊಡುವುದಿಲ್ಲ ಎಂದು ರಾತ್ರಿ ತಿಳಿದು, ಆದದ್ದಾಗಲಿ ಎಂದು ಸಂತೆಗೆ ಹೊಡೆದುಕೊಂಡು ಹೋದಾಗಲೇ ತೊಡಕು ಬಯಲಾದದ್ದು. ವ್ಯಾಪಾರಿ ಬಾಷಾ ಸಾಹೇಬರು ಕುರಿಯ ಹಲ್ಲು ನೋಡಲು ಬಗ್ಗಿದವರು ಹಣೆ ನೋಡಿ ಎದ್ದುಬಿಟ್ಟರಂತೆ. "ಬ್ಯಾಡ್ರಪ್ಪ. ಮಂದಿ ಜೊತೆ ಜಗಳ ಆಡ್ಬೋದು, ಅಮ್ಮನ ಜೊತೆ ನಮ್ಮದು ದೋಸ್ತಿ ಐತೆ" ಎಂದು ಹೋದರಂತೆ.

"ತೊಳೆದರೆ ಆಗುವುದಿಲ್ಲವೇ?" ಎಂದೆ ನಾನು, ನನ್ನ ಪುಸ್ತಕದ ಕನ್ನಡದಲ್ಲಿ.

"ತೊಳದ್ರೆ ಬಣ್ಣ ಹೋಗ್ತೈತೆ. ಮಾತು ಹೋಗ್ತೈತಾ?" ಎಂದರು ಕೆಂಚಮ್ಮ. "ಈ ಸಂತೆಗೆ ಮಾರಿ ಮಗಳಿಗೆ ಹೊಲಿಗೆ ಮಿಷನ್ ತರಾನ ಅಂತಿದ್ದೆ. ಈಗ ಕುರಿ ಮೇಲೆ ಕೂತು ಹೊಲಿಯಾಕೆ ಹೇಳ್ಲಾ?"

ಗುಂಪಿನಲ್ಲಿ ಯಾರೋ ಅರ್ಜಿ ಬರೆದುಕೊಂಡೇ ಬಂದಿದ್ದರು, ಮೇಲಿನ ಸಾಹೇಬರಿಗೆ. ಕೆಳಗೆ ಹೆಬ್ಬೆಟ್ಟುಗಳು ಸಾಲಾಗಿ ಬಿದ್ದಿದ್ದವು. ಅದು ಮೇಲೆ ಹೋದರೆ ನನ್ನ ರಿಪೋರ್ಟನ್ನು ಹಾಲೇಶಪ್ಪನವರು ಬರೆಯಬೇಕಾಗಿಯೇ ಇರಲಿಲ್ಲ. ಅವರು ಅರ್ಜಿಯನ್ನು ಪೂರ್ತಿ ಓದಿದರು. ಕನ್ನಡಕ ತೆಗೆದರು. ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಹ್ಞಾಂ. ಇದಕ್ಕೆ ದಾರಿ ಏನೈತೆ, ಏನೈತೆ?" ಎಂದು ಊರಿನವರನ್ನು ಕೇಳಿದರು.

ದಾರಿ ಗುಡಿಯ ಪೂಜಾರಿಯ ಹತ್ತಿರ ಇತ್ತು. ಎಲ್ಲರೂ ಗುಡಿಯ ಮುಂದೆ ಸೇರಿದೆವು, ಕುರಿಗಳೂ. ಪೂಜಾರಪ್ಪ ಬೇವಿನ ಕಟ್ಟೆಯ ಮೇಲೆ ಕೂತು, ಬಾಯಲ್ಲಿದ್ದ ಎಲೆಅಡಿಕೆ ಮುಗಿಸಿ, ನಿಧಾನಕ್ಕೆ ವಿಚಾರಣೆ ಶುರು ಮಾಡಿದರು.

"ಹಚ್ಚಿದೋರೇ ಬಿಡಿಸ್ಕಬೇಕು. ನೀನೇನಪ್ಪ ಹಚ್ಚಿದ್ದು? ಏನು ಬೇಡ್ಕಂಡು ಹಚ್ಚಿದೆ?"

"ಏನೂ ಬೇಡಿಕೊಳ್ಳಲಿಲ್ಲ. ಲೆಕ್ಕಕ್ಕೆ ಹಚ್ಚಿದೆ."

"ಏನೂ ಬೇಡ್ದಲೆ ಯಾರಾದ್ರೂ ಇಷ್ಟು ಕುರಿ ಬಿಡ್ತಾರಾ? ನಮ್ಮ ಗೌಡ್ರು ಮಗನ್ನ ಬೇಡ್ಕಂಡು ಒಂದು ಬಿಟ್ಟಿದ್ರು, ಅದೂ ಕುಂಟಿದ್ದು. ಅಮ್ಮನ ಮುಂದೆ ನಿಂತೀಯ, ನಿಜ ಹೇಳು. ಹಚ್ಚುವಾಗ ಮನಸ್ನಾಗೆ ಏನಿತ್ತು?"

ಎಲ್ಲರೂ ನನ್ನ ಕಡೆ ನೋಡುತ್ತಿದ್ದರು. ಹಾಲೇಶಪ್ಪನವರೂ. ಹಚ್ಚುವಾಗ ಮನಸ್ಸಿನಲ್ಲಿ ಏನಿತ್ತು ಎಂದು ನಾನೂ ಯೋಚಿಸಿದೆ. ಆ ಎರಡು ವರ್ಷ ನನ್ನ ಮನಸ್ಸಿನಲ್ಲಿ ಇದ್ದದ್ದು ಒಂದೇ.

"ಪ್ರೊಬೇಷನ್" ಎಂದೆ.

ಪೂಜಾರಪ್ಪ ಅನುಕಂಪದಿಂದ ನೋಡಿದರು. "ಎಷ್ಟು ದಿನದಿಂದ ಐತೆ?"

"ಎರಡು ವರ್ಷದಿಂದ."

"ಅಯ್ಯೋ ಪಾಪ" ಎಂದರು ಹಿಂದಿನಿಂದ ಯಾರೋ. "ಇನ್ನೂ ಮದ್ವೆ ಆಗಿಲ್ಲ ಅನ್ನಸ್ತೈತೆ."

ಸಂಘದ ಕಾರ್ಯದರ್ಶಿ ಮಧ್ಯೆ ಬಂದು ಬಿಡಿಸಿ ಹೇಳಿದ: ಅದು ಕಾಯಿಲೆ ಅಲ್ಲ, ಈ ಹುಡುಗನ ಕೆಲಸ ಇನ್ನೂ ಕಾಯಂ ಆಗಿಲ್ಲ, ಆಗಬೇಕು.

"ಕಾಯಂ ಮಾಡೋರು ಯಾರು?"

ಕಾರ್ಯದರ್ಶಿ ಹಾಲೇಶಪ್ಪನವರ ಕಡೆ ಕೈ ತೋರಿಸಿದ. ಪೂಜಾರಪ್ಪನ ಮುಖ ಅರಳಿತು.

"ಹಂಗಾದ್ರೆ ಭಾಳ ಸಲೀಸು. ಬೇಡ್ಕಂಡಿದ್ದು ಆತು ಅಂದ್ರೆ ಹರಕೆ ತೀರ್ತು. ಹುಡುಗ ತನ್ನ ದುಡ್ನಾಗೆ ಒಂದು ಟಗರು ತಗಂಡು ಅಮ್ಮನಿಗೆ ಕೊಡ್ಲಿ, ಉಳಿದಿದ್ದೆಲ್ಲ ಸಂತೆಗೆ ಹೋಗ್ಲಿ. ಸಾಹೇಬ್ರು ಇಲ್ಲೇ ಒಂದು ಮಾತು ಅಂದ್ಬಿಡ್ಲಿ, ಕಾಯಂ ಮಾಡ್ತೀನಿ ಅಂತ."

ಹಾಲೇಶಪ್ಪನವರ ಸಂಕಟವನ್ನು ಯೋಚಿಸಿ. ಸಂಘದವರ ಚಹಾ ಕುಡಿಯದ ಮನುಷ್ಯ. ಯಾರ ಶಿಫಾರಸಿಗೂ ಒಂದು ಅಕ್ಷರ ಬರೆಯದವರು. ಈಗ ಒಂದು ಊರಿನ ಸಂತೆ ಅವರ ನಾಲಿಗೆಯ ಮೇಲೆ ನಿಂತಿತ್ತು. ನನಗೆ ನಾಚಿಕೆಯಾಯಿತು ಎಂದು ಬರೆಯಬೇಕು. ನಿಜ ಹೇಳಬೇಕೆಂದರೆ, ಒಳಗೊಳಗೇ ಅಮ್ಮನಿಗೆ ಕೈ ಮುಗಿಯುತ್ತಿದ್ದೆ.

"ಹ್ಞಾಂ" ಎಂದರು ಅವರು. ಕನ್ನಡಕ ಮತ್ತೆ ಹಾಕಿಕೊಂಡರು. ಆಮೇಲೆ, "ನೋಡ್ರಪ್ಪ, ಸರ್ಕಾರದ ರಿಪೋರ್ಟು ಗುಡಿ ಮುಂದೆ ಬರಿಯಾಕೆ ಬರಲ್ಲ. ಇವನ ಎರಡು ವರ್ಷದ ಕೆಲ್ಸ ನೋಡ್ಬೇಕು. ನಡತೆ ನೋಡ್ಬೇಕು. ಹೊನ್ನಾಳಿದು ಐತೆ, ನ್ಯಾಮತಿದು ಐತೆ, ಈಗ ಇದೊಂದೈತೆ. ಎಲ್ಲಾ ತೂಗಿ ಬರೀಬೇಕು, ಬರೀಬೇಕು."

ನನ್ನ ಕಿವಿಯಲ್ಲಿ ಗಿರಣಿಯ ಬೆಲ್ಟು ತಿರುಗತೊಡಗಿತು.

ಆಮೇಲೆ ನಡೆದದ್ದನ್ನು ಮೊದಲು ಹೇಳಿಬಿಡುತ್ತೇನೆ. ಹಾಲೇಶಪ್ಪನವರು ನಕ್ಕರು. ಅವರು ನಕ್ಕದ್ದನ್ನು ಕಂಡ ಏಕೈಕ ಆಡಿಟರ್ ನಾನು. ನಗು ನಿಂತ ಮೇಲೆ "ಆತು, ಮಾಡ್ತೀನಿ" ಎಂದರು. ಅರ್ಜಿ ಅಲ್ಲೇ ಹರಿಯಿತು. ಟಗರನ್ನು ನಾನು ಕೆಂಚಮ್ಮನಿಂದಲೇ ಕೊಂಡೆ, ಅವರು ಸಂತೆಯ ಬೆಲೆಗಿಂತ ಒಂದು ಕಾಸೂ ಬಿಡಲಿಲ್ಲ. ರಿಪೋರ್ಟಿನಲ್ಲಿ ಹಾಲೇಶಪ್ಪನವರು "ತೃಪ್ತಿಕರ" ಎಂದು ಬರೆದು, ಕೆಳಗೆ "ಜೀವಂತ ಆಸ್ತಿಗಳ ತಪಾಸಣೆಗೆ ಒಬ್ಬನೇ ಕಳಿಸತಕ್ಕದ್ದಲ್ಲ" ಎಂದು ಸೇರಿಸಿದರು. ನನ್ನ ನಿವೃತ್ತಿಯವರೆಗೂ ನನ್ನನ್ನು ಯಾರೂ ಕಳಿಸಲಿಲ್ಲ.

ಇಷ್ಟೆಲ್ಲ ಆದದ್ದು ಕೆಂಚಮ್ಮ ಗುಂಪಿನಿಂದ ಮುಂದೆ ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಾಲೇಶಪ್ಪನವರಿಗೆ ಅಂದ ಒಂದು ಮಾತಿನಿಂದ.

"ಊರಿನ ಕುರೀನೆಲ್ಲ ದೇವ್ರಿಗೆ ಬಿಟ್ರೂ ಕಾಯಂ ಆಗಲ್ಲ ಅಂದ್ರೆ ಅದೆಂಥಾ ಕೆಲ್ಸನ್ರೀ ನಿಮ್ದು? ಕೊಡ್ರಿ ಇತ್ಲಾಗೆ ಹುಡುಗನ್ನ, ನಾವು ಕುರಿ ಕಾಯಾಕೆ ಇಟ್ಕಂತೀವಿ. ಹೆಂಗೂ ಒಂದೊಂದರ ಮುಖಾನೂ ಮುಟ್ಟಿ ನೋಡ್ಯಾನೆ, ನಮ್ಮತ್ರ ಇವತ್ತಿಂದ್ಲೇ ಕಾಯಂ!"